ಕ್ಲಾಸಿಕ್ ಕಾರುಗಳಿಗೆ ಬದಲಿ ಚಕ್ರಗಳ ಆಯ್ಕೆ

ಕಾರಿನ ತಯಾರಕರು ಕೊಟ್ಟ ಮೂಲ ಚಕ್ರಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಜೋಡಿಸಲು ಬೇರೆ ಸಂಸ್ಥೆಗಳು ತಯಾರಿಸಿ ಮಾರುವ ಚಕ್ರಗಳನ್ನು ಬದಲಿ ಚಕ್ರಗಳು ಎನ್ನುತ್ತಾರೆ. ಹಲವು ದಶಕಗಳ ಹಿಂದೆ ತಯಾರಾಗಿ, ಇಂದು ಅಭಿಮಾನಿಗಳು ಕಾಪಾಡಿಕೊಂಡು ಬಂದಿರುವ ಕ್ಲಾಸಿಕ್ ಕಾರುಗಳ ವಿಷಯದಲ್ಲಿ ಈ ಆಯ್ಕೆ ಹೊಸ ಕಾರುಗಳಿಗಿಂತ ಕಷ್ಟವಾದದ್ದು. ಆ ಕಾಲದಲ್ಲಿ ಅಳತೆಗಳು ದೇಶದಿಂದ ದೇಶಕ್ಕೆ, ಕೆಲವೊಮ್ಮೆ ಒಂದೇ ಮಾದರಿಯಲ್ಲಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದ್ದವು. ಸ್ಟಡ್ಡುಗಳ ಮೇಲೆ ಕುಳಿತು ನಟ್ಟು ಬಿಗಿಯಾದ ಮಾತ್ರಕ್ಕೆ ಚಕ್ರವು ಆ ಕಾರಿಗೆ ಹೊಂದಿತು ಎನ್ನಲಾಗದು. ನಟ್ಟುಗಳ ವೃತ್ತ, ನಡುರಂಧ್ರ, ಆಫ್‌ಸೆಟ್, ಬ್ರೇಕಿಗೆ ಬೇಕಾದ ಒಳಜಾಗ, ನಟ್ಟು ಕೂರುವ ಪೀಠದ ಆಕಾರ, ಟೈರಿನ ಒಟ್ಟು ವ್ಯಾಸ, ಹೊರಬಲ್ಲ ಭಾರ ಇವೆಲ್ಲವೂ ಕೂಡಿಬರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಓಟದ ನಡುವೆ ಸ್ಟಡ್ಡು ಮುರಿಯುವುದು, ಟೈರು ಮಡ್‌ಗಾರ್ಡಿಗೆ ತಾಗಿ ಸೀಳುವುದು, ಬೇರಿಂಗ್ ಬೇಗನೆ ಸವೆಯುವುದು ಮೊದಲಾದ ಅಪಾಯಗಳಿವೆ.

ಈ ಲೇಖನದಲ್ಲಿ ಮುಖ್ಯ ಉದಾಹರಣೆಯಾಗಿ ಬ್ರಿಟನ್ನಿನ ಮಿನಿ ಕಾರನ್ನು ತೆಗೆದುಕೊಳ್ಳಲಾಗಿದೆ. 1959ರಿಂದ 2000ದವರೆಗೆ ತಯಾರಾದ ಈ ಪುಟ್ಟ ಕಾರಿಗೆ 10, 12 ಮತ್ತು 13 ಅಂಗುಲದ ಚಕ್ರಗಳು ಬಳಕೆಯಲ್ಲಿವೆ. ಆಯ್ಕೆಯ ಬಹುತೇಕ ತೊಡಕುಗಳು ಈ ಒಂದೇ ಕಾರಿನಲ್ಲಿ ಕಾಣಸಿಗುತ್ತವೆ.

ಹಿನ್ನೆಲೆ

ಆರಂಭದ ಮೋಟಾರು ಕಾರುಗಳ ಚಕ್ರಗಳು ಎತ್ತಿನ ಬಂಡಿಯ ಚಕ್ರಗಳಂತೆ ಮರದ ಅರೆಕಾಲುಗಳನ್ನು ಹೊಂದಿದ್ದವು. ಅನಂತರ ತಂತಿಕಡ್ಡಿಗಳ ಚಕ್ರಗಳೂ ಒತ್ತಿ ರೂಪಿಸಿದ ಉಕ್ಕಿನ ಚಕ್ರಗಳೂ ಬಂದವು. 1924ರ ಬುಗಾಟಿ ಟೈಪ್ 35 ಪಂದ್ಯದ ಕಾರು ಎರಕ ಹೊಯ್ದ ಅಲ್ಯೂಮಿನಿಯಮ್ ಚಕ್ರಗಳಿಂದ ಹೆಸರಾಯಿತು. ಆದರೆ ಸಾಮಾನ್ಯ ಮಾಲೀಕರು ಅಂಗಡಿಯಿಂದ ಹಗುರ ಚಕ್ರಗಳನ್ನು ಕೊಂಡು ತಾವೇ ಜೋಡಿಸಿಕೊಳ್ಳುವ ರೂಢಿ ವ್ಯಾಪಕವಾದದ್ದು 1960ರ ದಶಕದಲ್ಲಿ. ಬ್ರಿಟನ್ನಿನಲ್ಲಿ ಎಂಟು ಅರೆಕಾಲುಗಳ ಮಿನಿಲೈಟ್ ಚಕ್ರ, ಅಮೆರಿಕದಲ್ಲಿ ಐದು ಅರೆಕಾಲುಗಳ ಟಾರ್ಕ್ ಥ್ರಸ್ಟ್ ಚಕ್ರ ಆ ಕಾಲದ ಗುರುತುಗಳೇ ಆಗಿಹೋದವು. ಪೋರ್ಷೆ 911 ಎಸ್ ಕಾರಿಗೆ 1966ರಲ್ಲಿ ಬಂದ ಫುಕ್ಸ್ ಚಕ್ರವು ಬಡಿದು ರೂಪಿಸಿದ ಅಲ್ಯೂಮಿನಿಯಮ್ಮಿನದು. ಅದು ಕಾರ್ಖಾನೆಯೇ ಕೊಟ್ಟ ಚಕ್ರವಾದರೂ ಅದರ ಮಾದರಿಯ ಬದಲಿ ಚಕ್ರಗಳು ಇಂದಿಗೂ ತಯಾರಾಗುತ್ತಿವೆ.

ಹಗುರ ಚಕ್ರಕ್ಕೆ ಜನ ಮನಸೋತದ್ದು ಅಂದಕ್ಕಾಗಿ ಮಾತ್ರವಲ್ಲ. ಚಕ್ರ, ಟೈರು ಮತ್ತು ಬ್ರೇಕುಗಳ ತೂಕವನ್ನು ಸಸ್ಪೆನ್ಷನ್ ಸ್ಪ್ರಿಂಗುಗಳು ಹೊರುವುದಿಲ್ಲ. ಈ ತೂಕ ಕಡಿಮೆಯಾದಷ್ಟೂ ಟೈರು ಹಳ್ಳದಿಣ್ಣೆಗಳನ್ನು ಅನುಸರಿಸಿ ನೆಲವನ್ನು ಬಿಡದೆ ಸಾಗುತ್ತದೆ. ಅಗಲವಾದ ರಿಮ್ ಇನ್ನಷ್ಟು ಅಗಲದ ಟೈರಿಗೆ ಎಡೆಮಾಡಿಕೊಡುತ್ತದೆ. ಆದರೆ ಆ ಅಗಲವನ್ನು ಎಲ್ಲಿ ಇರಿಸುವುದು ಎಂಬ ಪ್ರಶ್ನೆಯಿಂದಲೇ ತೊಡಕುಗಳು ಹುಟ್ಟುತ್ತವೆ.

ನಟ್ಟುಗಳ ವೃತ್ತ ಮತ್ತು ನಡುರಂಧ್ರ

ಚಕ್ರದ ಎಲ್ಲ ಸ್ಟಡ್ಡುಗಳ ಕೇಂದ್ರಗಳನ್ನು ಹಾದುಹೋಗುವಂತೆ ಎಳೆದ ವೃತ್ತದ ವ್ಯಾಸವನ್ನು ಪಿ.ಸಿ.ಡಿ. ಎಂದು ಕರೆಯುತ್ತಾರೆ. ಮಿನಿಯಲ್ಲಿ ನಾಲ್ಕು ಸ್ಟಡ್ಡುಗಳಿದ್ದು ವೃತ್ತದ ವ್ಯಾಸ 4 ಅಂಗುಲ, ಅಂದರೆ 101.6 ಮಿಲಿಮೀಟರ್. ಇದನ್ನು 4×101.6 ಎಂದು ಬರೆಯುವುದು ವಾಡಿಕೆ. ಯುರೋಪು ಮತ್ತು ಜಪಾನಿನ ಎಷ್ಟೋ ಕಾರುಗಳ ಅಳತೆ 4×100. ಎರಡಕ್ಕೂ ಇರುವ ವ್ಯತ್ಯಾಸ ಕೇವಲ 1.6 ಮಿಲಿಮೀಟರ್. ಆದ್ದರಿಂದ 4×100 ಅಳತೆಯ ಚಕ್ರವನ್ನು ಒತ್ತಾಯದಿಂದ ಮಿನಿಗೆ ತೊಡಿಸಿಬಿಡುವ ಆಸೆ ಹುಟ್ಟುತ್ತದೆ.

ಇದು ಈ ವಿಷಯದಲ್ಲಿ ಅತಿ ಅಪಾಯಕಾರಿಯಾದ ತಪ್ಪು. ಪ್ರತಿ ಸ್ಟಡ್ಡೂ ತನ್ನ ರಂಧ್ರದ ಕೇಂದ್ರದಿಂದ 0.8 ಮಿಲಿಮೀಟರ್ ಹೊರಗಿರುವುದರಿಂದ ನಟ್ಟಿನ ಇಳಿಜಾರು ಮುಖವು ಪೀಠದ ಒಂದು ಬದಿಗೆ ಮಾತ್ರ ಒರಗುತ್ತದೆ. ಬಿಗಿಸುತ್ತ ಹೋದಂತೆ ಸ್ಟಡ್ಡು ಬಾಗುತ್ತದೆ. ಟಾರ್ಕ್ ಸ್ಪ್ಯಾನರ್ ಸರಿಯಾದ ಅಂಕಿಯನ್ನೇ ತೋರಿಸಬಹುದು. ಆದರೆ ಆ ಶಕ್ತಿಯ ಒಂದು ಭಾಗ ಚಕ್ರವನ್ನು ಹಬ್ಬಿಗೆ ಅದುಮುವ ಬದಲು ಸ್ಟಡ್ಡನ್ನು ಬಾಗಿಸುವುದರಲ್ಲಿ ವ್ಯಯವಾಗಿರುತ್ತದೆ. ಚಕ್ರ ಉರುಳಿದ ಹಾಗೆಲ್ಲ ಬಾಗಿದ ಸ್ಟಡ್ಡು ಮತ್ತೆ ಮತ್ತೆ ಮಿಡಿಯುತ್ತ, ದಣಿದ ಲೋಹದಲ್ಲಿ ಬಿರುಕು ಬಿಟ್ಟು ಕೊನೆಗೆ ಮುರಿಯುತ್ತದೆ. ಮೊದಲ ದಿನ ಚೆನ್ನಾಗಿಯೇ ಓಡಿತು ಎಂಬುದು ಇಲ್ಲಿ ಯಾವ ಸಮಾಧಾನವೂ ಅಲ್ಲ.

ಇಂಥ ಸಮೀಪದ ಜೋಡಿಗಳು ಬೇರೆಯೂ ಇವೆ. ಬಿ.ಎಂ.ಡಬ್ಲ್ಯೂ.ದ ಅನೇಕ ಮಾದರಿಗಳು 5×120 ಅಳತೆಯವಾದರೆ ಅಮೆರಿಕದ ಜನರಲ್ ಮೋಟಾರ್ಸ್‌ನ ಎಷ್ಟೋ ಕಾರುಗಳು 5×120.65, ಅಂದರೆ ನಾಲ್ಕು ಮುಕ್ಕಾಲು ಅಂಗುಲ. ಇಟಲಿಯ ಅನೇಕ ಕಾರುಗಳ 4×98 ಮತ್ತು ಸರ್ವತ್ರ ಸಿಗುವ 4×100 ಇನ್ನೊಂದು ಜೋಡಿ. ಮಾದರಿಯ ಹೆಸರೊಂದನ್ನೇ ನಂಬುವುದೂ ಸಲ್ಲದು. 1964ರಲ್ಲಿ ಬಂದ ಫೋರ್ಡ್ ಮಸ್ಟಾಂಗ್‌ನಲ್ಲಿ ಆರು ಸಿಲಿಂಡರಿನ ಕಾರಿಗೆ ನಾಲ್ಕು ಸ್ಟಡ್ಡು, ವಿ8 ಎಂಜಿನ್ನಿನ ಕಾರಿಗೆ ಐದು ಸ್ಟಡ್ಡು. ವೃತ್ತ ಮಾತ್ರ ಎರಡಕ್ಕೂ 114.3 ಮಿಲಿಮೀಟರ್. ಫೋಕ್ಸ್‌ವ್ಯಾಗನ್ ಬೀಟಲ್ ದೀರ್ಘಕಾಲ 5×205 ಎಂಬ ದೊಡ್ಡ ವೃತ್ತವನ್ನು ಬಳಸಿ, 1960ರ ದಶಕದ ಕೊನೆಯಲ್ಲಿ 4×130ಕ್ಕೆ ಬದಲಾಯಿತು.

ನಾಲ್ಕು ಅಥವಾ ಆರು ಸ್ಟಡ್ಡುಗಳಿದ್ದರೆ ಎದುರುಬದಿರಿನ ಎರಡರ ಕೇಂದ್ರಗಳ ನಡುವಿನ ದೂರವೇ ಪಿ.ಸಿ.ಡಿ. ಐದು ಸ್ಟಡ್ಡುಗಳಲ್ಲಿ ನೇರ ಎದುರಿನ ಜೋಡಿ ಇರುವುದಿಲ್ಲ. ಆಗ ಪಕ್ಕಪಕ್ಕದ ಎರಡು ಸ್ಟಡ್ಡುಗಳ ಕೇಂದ್ರಗಳ ಅಂತರವನ್ನು ಅಳೆದು 1.701ರಿಂದ ಗುಣಿಸಬೇಕು. ಉದಾಹರಣೆಗೆ ಆ ಅಂತರ 67.2 ಮಿಲಿಮೀಟರ್ ಬಂದರೆ ವೃತ್ತದ ವ್ಯಾಸ 114.3. ಪ್ರೌಢಶಾಲೆಯ ರೇಖಾಗಣಿತ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕೇಂದ್ರವನ್ನು ಕಣ್ಣಳತೆಯಲ್ಲಿ ಗುರುತಿಸುವುದಕ್ಕಿಂತ ಒಂದು ಸ್ಟಡ್ಡಿನ ಹೊರ ಅಂಚಿನಿಂದ ಇನ್ನೊಂದರ ಒಳ ಅಂಚಿಗೆ ಅಳೆಯುವುದು ಹೆಚ್ಚು ನಿಖರ.

ಚಕ್ರದ ನಡುರಂಧ್ರವು ಹಬ್ಬಿನ ಮಧ್ಯದ ಉಬ್ಬಿಗಿಂತ ಚಿಕ್ಕದಿದ್ದರೆ ಚಕ್ರ ಕೂರುವುದೇ ಇಲ್ಲ. ದೊಡ್ಡದಿದ್ದರೆ ಕಾರಿನ ವಿನ್ಯಾಸವನ್ನು ನೋಡಬೇಕು. ಕೆಲವು ಕಾರುಗಳಲ್ಲಿ ಚಕ್ರವನ್ನು ಕೇಂದ್ರದಲ್ಲಿರಿಸುವುದು ಆ ಉಬ್ಬು. ಅಲ್ಲಿ ನಡುವೆ ಉಳಿಯುವ ಸಂದನ್ನು ತುಂಬಲು ಬಳೆ ಬೇಕಾಗುತ್ತದೆ. ಮತ್ತೆ ಕೆಲವುಗಳಲ್ಲಿ ಇಳಿಜಾರು ಮುಖದ ನಟ್ಟುಗಳೇ ಆ ಕೆಲಸ ಮಾಡುತ್ತವೆ.

ಆಫ್‌ಸೆಟ್

ರಿಮ್ಮಿನ ಅಗಲದ ನಡುಗೆರೆಗೂ ಚಕ್ರವು ಹಬ್ಬಿಗೆ ಒರಗುವ ಮುಖಕ್ಕೂ ಇರುವ ಅಂತರವೇ ಆಫ್‌ಸೆಟ್. ಒರಗುವ ಮುಖವು ನಡುಗೆರೆಯಿಂದ ಕಾರಿನ ಹೊರಬದಿಗಿದ್ದರೆ ಅದು ಧನ, ಒಳಬದಿಗಿದ್ದರೆ ಋಣ. ಆಫ್‌ಸೆಟ್ ಕಡಿಮೆಯಾದಂತೆ ಚಕ್ರ ಹೊರಕ್ಕೆ ಸರಿಯುತ್ತದೆ. ಅಗಲವನ್ನೂ ಆಫ್‌ಸೆಟ್ಟನ್ನೂ ಬೇರೆಬೇರೆಯಾಗಿ ನೋಡಿದರೆ ಲೆಕ್ಕ ತಪ್ಪುವುದು ಖಂಡಿತ. ಎರಡನ್ನೂ ಕೂಡಿಸಿ, ರಿಮ್ಮಿನ ಒಳ ಅಂಚು ಮತ್ತು ಹೊರ ಅಂಚು ಎಲ್ಲಿ ಬಂದು ನಿಲ್ಲುತ್ತವೆ ಎಂಬುದನ್ನು ಕಂಡುಕೊಳ್ಳಬೇಕು.

ಹಳೆಯ ಚಕ್ರ 5 ಅಂಗುಲ ಅಗಲ, ಆಫ್‌ಸೆಟ್ ಧನ 20 ಮಿಲಿಮೀಟರ್ ಎಂದೂ, ಹೊಸದು 7 ಅಂಗುಲ ಅಗಲ, ಆಫ್‌ಸೆಟ್ ಸೊನ್ನೆ ಎಂದೂ ಭಾವಿಸೋಣ. ಹಳೆಯ ಚಕ್ರದ ಅರ್ಧ ಅಗಲ 63.5 ಮಿಲಿಮೀಟರ್. ಅದರ ಒಳ ಅಂಚು ಹಬ್ಬಿನ ಮುಖದಿಂದ 83.5 ಮಿಲಿಮೀಟರ್ ಒಳಗಿದೆ, ಹೊರ ಅಂಚು 43.5 ಮಿಲಿಮೀಟರ್ ಹೊರಗಿದೆ. ಹೊಸ ಚಕ್ರದ ಅರ್ಧ ಅಗಲ 88.9 ಮಿಲಿಮೀಟರ್, ಆಫ್‌ಸೆಟ್ ಇಲ್ಲದ್ದರಿಂದ ಎರಡೂ ಅಂಚುಗಳು ಅಷ್ಟೇ ದೂರದಲ್ಲಿವೆ. ಆದ್ದರಿಂದ ಒಳಬದಿಯಲ್ಲಿ ಸುಮಾರು 5 ಮಿಲಿಮೀಟರ್ ಮಾತ್ರ ಹೆಚ್ಚು ಜಾಗ ಬೇಕಾದರೆ ಹೊರಬದಿಯಲ್ಲಿ 45 ಮಿಲಿಮೀಟರಿಗೂ ಹೆಚ್ಚು ಬೇಕು. ಮೂಲ ಮಡ್‌ಗಾರ್ಡಿನೊಳಗೆ ಅಷ್ಟು ಎಡೆ ಇರುವ ಹಳೆಯ ಕಾರು ಅಪರೂಪ. ಟೈರಿನ ಪಕ್ಕಗಳು ರಿಮ್ಮಿಗಿಂತ ಉಬ್ಬಿರುವುದನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಅಮೆರಿಕದ ವರ್ತಕರು ಆಫ್‌ಸೆಟ್ಟಿನ ಬದಲು ಬ್ಯಾಕ್‌ಸ್ಪೇಸಿಂಗ್ ಎಂಬ ಅಳತೆಯನ್ನು ಕೊಡುವುದುಂಟು. ಚಕ್ರವನ್ನು ಮುಖ ಕೆಳಗಾಗಿ ಮಲಗಿಸಿ, ರಿಮ್ಮಿನ ಹಿಂಬದಿಯ ಅಂಚುಗಳ ಮೇಲೆ ನೇರವಾದ ಪಟ್ಟಿಯೊಂದನ್ನಿಟ್ಟು, ಅಲ್ಲಿಂದ ಹಬ್ಬಿಗೆ ಒರಗುವ ಮುಖದವರೆಗೆ ಅಳೆದರೆ ಅದು ಸಿಗುತ್ತದೆ. ರಿಮ್ಮಿನ ಅಗಲವನ್ನು ಹೇಳುವಾಗ ಟೈರು ಕೂರುವ ಒಳ ಅಳತೆಯನ್ನೇ ಹೇಳುತ್ತಾರೆ. ಅಂಚುಗಳನ್ನು ಸೇರಿಸಿದರೆ ಚಕ್ರ ಸುಮಾರು ಒಂದು ಅಂಗುಲ ಹೆಚ್ಚು ಅಗಲವಿರುತ್ತದೆ. ಆದ್ದರಿಂದ ಸೊನ್ನೆ ಆಫ್‌ಸೆಟ್ಟಿನ 7 ಅಂಗುಲದ ಚಕ್ರದ ಬ್ಯಾಕ್‌ಸ್ಪೇಸಿಂಗ್ ಮೂರೂವರೆ ಅಲ್ಲ, ಸುಮಾರು 4 ಅಂಗುಲ.

ಚಕ್ರ ಹೊರಕ್ಕೆ ಸರಿದಾಗ ಬೇರಿಂಗಿನ ಮೇಲಿನ ಭಾರದ ಸನ್ನೆ ಉದ್ದವಾಗುತ್ತದೆ. ಮುಂದಿನ ಚಕ್ರಗಳಲ್ಲಿ ಇನ್ನೂ ಒಂದು ಪರಿಣಾಮವಿದೆ. ಸ್ಟಿಯರಿಂಗ್ ತಿರುಗುವ ಅಕ್ಷವು ನೆಲವನ್ನು ಸೇರುವ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರವನ್ನು ವಿನ್ಯಾಸಕಾರರು ಯೋಚಿಸಿ ನಿಗದಿಮಾಡಿರುತ್ತಾರೆ. ಅದು ಬದಲಾದರೆ ಸ್ಟಿಯರಿಂಗ್ ಭಾರವಾಗುತ್ತದೆ, ಗುಂಡಿಯ ಏಟು ನೇರವಾಗಿ ಕೈಗೆ ಬರುತ್ತದೆ, ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯಬಹುದು. ಮಿನಿಯಂತಹ ಮುಂಚಕ್ರ ಚಾಲನೆಯ ಕಾರಿನಲ್ಲಿ ವೇಗ ಹೆಚ್ಚಿಸುವಾಗಲೂ ಈ ಎಳೆತ ಕಾಣಿಸುತ್ತದೆ. ಅಗಲ ಚಕ್ರ ತೊಡಿಸಿದ ಹಳೆಯ ಕಾರನ್ನು ಓಡಿಸಿ ನಿರಾಶರಾದವರು ಸಾಮಾನ್ಯವಾಗಿ ದೂರುವುದು ಟೈರನ್ನು. ದೋಷ ಬಹಳ ಸಲ ಆಫ್‌ಸೆಟ್ಟಿನದೇ ಆಗಿರುತ್ತದೆ.

ಬ್ರೇಕಿಗೆ ಬೇಕಾದ ಜಾಗ

ಮಿನಿಯ ವಿನ್ಯಾಸಕ ಅಲೆಕ್ ಇಸಿಗೋನಿಸ್ ಒಳಗೆ ಜನ ಕೂರುವ ಜಾಗವನ್ನು ಹೆಚ್ಚಿಸಲು 10 ಅಂಗುಲದ ಚಕ್ರವನ್ನು ಆರಿಸಿಕೊಂಡರು. ಅಷ್ಟು ಚಿಕ್ಕ ಚಕ್ರದೊಳಗೆ ಬ್ರೇಕಿಗೆ ಉಳಿಯುವ ಜಾಗ ಅತ್ಯಲ್ಪ. ಮೊದಲ ಕಾರುಗಳಲ್ಲಿ ಡ್ರಮ್ ಬ್ರೇಕುಗಳಿದ್ದವು. 1961ರ ಕೂಪರ್ ಮಾದರಿಗೆ 7 ಅಂಗುಲದ ಡಿಸ್ಕ್, 1963ರ ಕೂಪರ್ ಎಸ್‌ಗೆ 7.5 ಅಂಗುಲದ ಡಿಸ್ಕ್ ಬಂತು. 1984ರಲ್ಲಿ ಮಿನಿಗೆ 8.4 ಅಂಗುಲದ ಮುಂಭಾಗದ ಡಿಸ್ಕ್ ಮತ್ತು 12 ಅಂಗುಲದ ಚಕ್ರಗಳನ್ನು ಒಟ್ಟಿಗೆ ಕೊಡಲಾಯಿತು.

ಹೀಗಾಗಿ 1984ರ ಅನಂತರದ ಮಿನಿಯನ್ನು ಕೊಂಡು, ಅದಕ್ಕೆ 1960ರ ದಶಕದ ನೋಟ ಬರಲೆಂದು 10 ಅಂಗುಲದ ಚಕ್ರಗಳನ್ನು ತರಿಸಿದವರು ಪೆಟ್ಟು ತಿನ್ನುತ್ತಾರೆ. ಸ್ಟಡ್ಡುಗಳ ವೃತ್ತ ಸರಿಯಾಗಿಯೇ ಇರುತ್ತದೆ, ಆದರೆ ಚಕ್ರ ಬ್ರೇಕಿನ ಮೇಲೆ ಹಾಯುವುದಿಲ್ಲ. ಅವರ ಮುಂದಿರುವ ದಾರಿ ಮುಂಭಾಗದ ಬ್ರೇಕನ್ನೇ ಹಿಂದಿನ ಕಾಲದ ಚಿಕ್ಕ ಡಿಸ್ಕಿನ ವ್ಯವಸ್ಥೆಗೆ ಬದಲಿಸುವುದು. ನೋಟಕ್ಕಾಗಿ ಬ್ರೇಕನ್ನು ಕಿರಿದುಮಾಡುವುದು ಉಚಿತವೇ ಎಂದು ಮಾಲೀಕರು ಹಣ ತೆರುವ ಮೊದಲೇ ಯೋಚಿಸುವುದು ಒಳ್ಳೆಯದು. ತದ್ವಿರುದ್ಧವಾಗಿ, ಹಳೆಯ ಕಾರಿಗೆ ದೊಡ್ಡ ಡಿಸ್ಕ್ ಹಾಕಿಸುವ ಆಲೋಚನೆಯಿದ್ದರೆ ಚಕ್ರವನ್ನು ಕೊಳ್ಳಬೇಕಾದದ್ದು ಬ್ರೇಕಿನ ಕೆಲಸ ಮುಗಿದ ಮೇಲೆ.

ರಿಮ್ಮಿನ ವ್ಯಾಸ ಸಾಕಷ್ಟಿದ್ದರೂ ಅರೆಕಾಲುಗಳ ಒಳಮುಖ ಕ್ಯಾಲಿಪರಿಗೆ ತಾಗಬಹುದು. ಇದನ್ನು ಪರೀಕ್ಷಿಸಲು ಸುಲಭ ಉಪಾಯವೊಂದಿದೆ. ಮಕ್ಕಳು ಆಡುವ ಮೆತ್ತನೆಯ ಜೇಡಿಯ ಚಿಕ್ಕ ಉಂಡೆಗಳನ್ನು ಕ್ಯಾಲಿಪರಿನ ಹೊರಮುಖಕ್ಕೆ ಅಂಟಿಸಿ, ಟೈರಿಲ್ಲದ ಚಕ್ರವನ್ನು ಜೋಡಿಸಿ ಕೈಯಿಂದ ನಿಧಾನವಾಗಿ ತಿರುಗಿಸಿ ಮತ್ತೆ ಕಳಚಬೇಕು. ಜಜ್ಜಿದ ಜೇಡಿಯ ದಪ್ಪವೇ ಅಲ್ಲಿ ಉಳಿದಿರುವ ಜಾಗ. ಅದು ಮೂರು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಆ ಚಕ್ರವನ್ನು ಬಿಡುವುದೇ ಕ್ಷೇಮ.

ಸ್ಟಡ್ಡು, ನಟ್ಟು ಮತ್ತು ಪೀಠ

ಅಲಾಯ್ ಚಕ್ರದ ಒರಗುವ ಭಾಗ ಉಕ್ಕಿನ ಚಕ್ರದ ತಗಡಿಗಿಂತ ಬಹಳ ದಪ್ಪ. ಉಕ್ಕಿನ ಚಕ್ರಕ್ಕೆಂದು ಮಾಡಿದ ಸ್ಟಡ್ಡು ಅದರಲ್ಲಿ ಅರ್ಧಕ್ಕೇ ಮುಗಿದುಹೋಗಿ, ನಟ್ಟು ಒಂದೆರಡು ಸುತ್ತಿಗಷ್ಟೇ ಹಿಡಿದಿರಬಹುದು. ಸ್ಟಡ್ಡಿನ ವ್ಯಾಸದಷ್ಟಾದರೂ ಉದ್ದಕ್ಕೆ ಮರೆ ಹಿಡಿದಿರಬೇಕು ಎಂಬುದು ಕನಿಷ್ಠ ನಿಯಮ. ಮಿನಿಯ ಸ್ಟಡ್ಡು ಅಂಗುಲದ ಎಂಟರಲ್ಲಿ ಮೂರು ಭಾಗ, ಅಂದರೆ ಸುಮಾರು 9.5 ಮಿಲಿಮೀಟರ್ ದಪ್ಪ. ಅದರ ಮರೆ ಅಂಗುಲಕ್ಕೆ 24 ಸುತ್ತು. ಹಾಗಾಗಿ ನಟ್ಟು ಕೈಯಲ್ಲಿ ಕನಿಷ್ಠ ಒಂಬತ್ತು ಸುತ್ತು ತಿರುಗಿದ ಮೇಲೆಯೇ ಪೀಠವನ್ನು ಮುಟ್ಟಬೇಕು. ಅಷ್ಟಿಲ್ಲದಿದ್ದರೆ ಉದ್ದದ ಸ್ಟಡ್ಡು ಹಾಕಿಸುವುದು ಅಥವಾ ಚಕ್ರದ ರಂಧ್ರದೊಳಕ್ಕೆ ಇಳಿಯುವ ತೋಳಿನ ನಟ್ಟನ್ನು ಬಳಸುವುದು ಅನಿವಾರ್ಯ.

ಪೀಠದ ಆಕಾರಗಳು ಮುಖ್ಯವಾಗಿ ಮೂರು: ಶಂಕುವಿನಂತೆ ಇಳಿಜಾರಾದದ್ದು, ಗೋಳದ ತುಣುಕಿನಂತೆ ದುಂಡಾದದ್ದು, ವಾಷರ್ ಕೂರುವ ಚಪ್ಪಟೆಯದು. ಪೋರ್ಷೆ, ಫೋಕ್ಸ್‌ವ್ಯಾಗನ್ ಕಾರುಗಳ ಮೂಲ ಚಕ್ರಗಳಲ್ಲಿ ದುಂಡು ಪೀಠ ಸಾಮಾನ್ಯ. ಬದಲಿ ಚಕ್ರಗಳಲ್ಲಿ ಶಂಕು ಪೀಠವೇ ಹೆಚ್ಚು. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಅದು ತೆಳುವಾದ ಗೆರೆಯೊಂದರ ಮೇಲೆ ಮಾತ್ರ ಒರಗಿ, ಸ್ವಲ್ಪ ದಿನಗಳಲ್ಲೇ ಸಡಿಲವಾಗುತ್ತದೆ. ಹಳೆಯ ನಟ್ಟುಗಳನ್ನು ಉಳಿಸಿ ಮಾಡುವ ಕೆಲವು ರೂಪಾಯಿಗಳ ಮಿತವ್ಯಯ ಇಲ್ಲಿ ದುಬಾರಿಯಾಗುತ್ತದೆ. 1960ರ ದಶಕದ ಕ್ರೈಸ್ಲರ್ ಸಮೂಹದ ಅನೇಕ ಕಾರುಗಳಲ್ಲಿ ಎಡಬದಿಯ ಸ್ಟಡ್ಡುಗಳಿಗೆ ಎಡಮರೆ ಇದೆ. ಇದನ್ನು ಅರಿಯದೆ ಬಿಚ್ಚಲು ಬಲ ಹಾಕಿ ಸ್ಟಡ್ಡು ಮುರಿದವರು ಕಡಿಮೆಯಿಲ್ಲ.

ಹೊಸ ಅಲಾಯ್ ಚಕ್ರವನ್ನು ಜೋಡಿಸಿದ ಮೇಲೆ ಮೊದಲ 50ರಿಂದ 100 ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಸಬೇಕು. ಮೃದು ಲೋಹವೂ ಬಣ್ಣವೂ ಅದುಮಿಕೊಂಡು ಮೊದಲ ಬಿಗಿ ಇಳಿದಿರುತ್ತದೆ.

ಟೈರಿನ ವ್ಯಾಸ

165/70 ಆರ್10 ಎಂಬ ಬರಹದಲ್ಲಿ 165 ಎಂಬುದು ಟೈರಿನ ಅಗಲ ಮಿಲಿಮೀಟರುಗಳಲ್ಲಿ, 70 ಎಂಬುದು ಆ ಅಗಲದ ಶೇಕಡಾ ಎಷ್ಟು ಪಕ್ಕದ ಎತ್ತರ ಎಂಬುದು, 10 ಎಂಬುದು ರಿಮ್ಮಿನ ವ್ಯಾಸ ಅಂಗುಲಗಳಲ್ಲಿ. ಪಕ್ಕದ ಎತ್ತರದ ಎರಡರಷ್ಟನ್ನು ರಿಮ್ಮಿನ ವ್ಯಾಸಕ್ಕೆ ಕೂಡಿಸಿದರೆ ಟೈರಿನ ಒಟ್ಟು ವ್ಯಾಸ. ಈ ಲೆಕ್ಕದಂತೆ ಮಿನಿಗೆ ಬಳಸುವ 165/70 ಆರ್10 ಟೈರಿನ ವ್ಯಾಸ 485 ಮಿಲಿಮೀಟರ್, 145/70 ಆರ್12ರದು ಸುಮಾರು 508, 165/60 ಆರ್12ರದು 503, 175/50 ಆರ್13ರದು 505.

12ರಿಂದ 13 ಅಂಗುಲದ ಚಕ್ರಕ್ಕೆ ಹೋದಾಗ ಟೈರಿನ ಒಟ್ಟು ವ್ಯಾಸ ಬಹುತೇಕ ಹಾಗೆಯೇ ಉಳಿಯುವುದನ್ನು ಗಮನಿಸಬಹುದು. ಹೆಚ್ಚುವುದು ಲೋಹ, ತಗ್ಗುವುದು ರಬ್ಬರಿನ ಎತ್ತರ. ಆದ್ದರಿಂದ ಸವಾರಿ ಗಡಸಾಗುತ್ತದೆ. 10ರಿಂದ 12ಕ್ಕೆ ಹೋದಾಗ ಮಾತ್ರ ವ್ಯಾಸ ಶೇಕಡಾ 4ರಿಂದ 5ರಷ್ಟು ಏರುತ್ತದೆ. ಚಿಕ್ಕ ಚಕ್ರಕ್ಕೆ ಹೊಂದಿಸಿದ ಸ್ಪೀಡೋಮೀಟರ್ 60 ಎಂದು ತೋರಿಸುವಾಗ ಕಾರಿನ ನಿಜವಾದ ವೇಗ 63ರ ಸಮೀಪ ಇರುತ್ತದೆ. 13 ಅಂಗುಲದ ಅಗಲ ಚಕ್ರಗಳಿಗೆ ಮಿನಿಯ ಮಡ್‌ಗಾರ್ಡಿಗೆ ಹೊರಚಾಚು ಸೇರಿಸಬೇಕಾಗುತ್ತದೆ, ಎಷ್ಟೋ ಸಲ ಒಳ ಅಂಚನ್ನು ಕತ್ತರಿಸಬೇಕಾಗುತ್ತದೆ. ಚಕ್ರವನ್ನು ಯಾವಾಗ ಬೇಕಾದರೂ ಮರಳಿ ಬದಲಿಸಬಹುದು, ಕತ್ತರಿಸಿದ ಮೂಲ ತಗಡನ್ನು ಮರಳಿ ತರಲಾಗದು.

ತಂತಿಕಡ್ಡಿ ಚಕ್ರಗಳು

1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರಿನಂತಹ ಬ್ರಿಟಿಷ್ ಕಾರುಗಳಲ್ಲಿ ತಂತಿಕಡ್ಡಿ ಚಕ್ರಗಳು ಜನಪ್ರಿಯ. ಇವು ನಾಲ್ಕು ಸ್ಟಡ್ಡುಗಳ ಮೇಲಲ್ಲ, ಹಲ್ಲುಗಳಿರುವ ಹಬ್ಬಿನ ಮೇಲೆ ಜಾರಿ ಕೂರುತ್ತವೆ. ಒಂದೇ ದೊಡ್ಡ ನಡುನಟ್ಟು ಅವನ್ನು ಹಿಡಿಯುತ್ತದೆ, ಬಂಡಿಯ ಅಚ್ಚಿಗೆ ಕಡಾಣಿ ಇದ್ದ ಹಾಗೆ. ಎಡ ಮತ್ತು ಬಲಬದಿಯ ನಡುನಟ್ಟುಗಳ ಮರೆ ಒಂದಕ್ಕೊಂದು ವಿರುದ್ಧ. ದುರಸ್ತಿಯಲ್ಲಿ ಹಬ್ಬುಗಳು ಅದಲುಬದಲಾದರೆ, ಬಿಗಿಯುತ್ತ ಹೋಗಬೇಕಾದ ನಟ್ಟು ಓಟದಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಎಂ.ಜಿ.ಬಿ.ಯಲ್ಲಿ ತಂತಿಕಡ್ಡಿ ಚಕ್ರದ ಕಾರಿನ ಹಿಂದಿನ ಅಚ್ಚು ಉಕ್ಕಿನ ಚಕ್ರದ ಕಾರಿನದಕ್ಕಿಂತ ಕಿರಿದು. ಆದ್ದರಿಂದ ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸುವವರು ಚಕ್ರವನ್ನಷ್ಟೇ ಕೊಂಡರೆ ಸಾಲದು. ಹಬ್ಬಿನ ಹಲ್ಲುಗಳು ಸವೆದಿದ್ದರೆ ಹೊಸ ಚಕ್ರವೂ ಬೇಗ ಹಾಳಾಗುತ್ತದೆ. ಬ್ರೇಕ್ ಹಾಕಿದಾಗ ಮತ್ತು ಕಾರು ಹೊರಡುವಾಗ ಬರುವ ಟಕ್ ಎಂಬ ಸದ್ದು ಆ ಸವೆತದ ಗುರುತು. ಸಾಂಪ್ರದಾಯಿಕ ತಂತಿಕಡ್ಡಿ ಚಕ್ರದ ರಿಮ್ಮನ್ನು ಕಡ್ಡಿಗಳ ತುದಿಗಳು ತೂರಿಹೋಗುವುದರಿಂದ ಒಳಗೆ ಟ್ಯೂಬ್ ಬೇಕೇ ಬೇಕು.

ಹಳೆಯ ಚಕ್ರಗಳನ್ನು ಕೊಳ್ಳುವಾಗ

ಕಾಲಕ್ಕೆ ತಕ್ಕ ನೋಟಕ್ಕಾಗಿ ಅರ್ಧ ಶತಮಾನದಷ್ಟು ಹಳೆಯ ಚಕ್ರಗಳನ್ನೇ ಹುಡುಕುವವರಿದ್ದಾರೆ. ಮೊದಲಿನ ಮಿನಿಲೈಟ್ ಚಕ್ರಗಳು ಮೆಗ್ನೀಸಿಯಮ್ ಮಿಶ್ರಲೋಹದವು. ಆ ಲೋಹ ಬಹಳ ಹಗುರ, ಆದರೆ ತೇವಕ್ಕೆ ಸುಲಭವಾಗಿ ಕೊರೆದುಹೋಗುತ್ತದೆ. ಬಣ್ಣದ ಕೆಳಗಿನ ಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ. ಬಣ್ಣ ತೆಗೆಸಿ ಬಿರುಕು ಪರೀಕ್ಷೆ ಮಾಡಿಸದೆ ಅವನ್ನು ರಸ್ತೆಗೆ ಇಳಿಸಬಾರದು. ಗೋಡೆಗೆ ತೂಗುಹಾಕಲು ಅಡ್ಡಿಯಿಲ್ಲ. ಅದೇ ಮಾದರಿಯಲ್ಲಿ ಇಂದು ಅಲ್ಯೂಮಿನಿಯಮ್ ಚಕ್ರಗಳು ಸಿಗುತ್ತವೆ.

ಹೊಸ ಚಕ್ರದ ಮೇಲೆ ಅಗಲ, ಆಫ್‌ಸೆಟ್ ಮತ್ತು ಹೊರಬಲ್ಲ ಭಾರ ಅಚ್ಚಾಗಿರಬೇಕು. ಜಪಾನಿನ ಜೆ.ಡಬ್ಲ್ಯೂ.ಎಲ್. ಮತ್ತು ವಿ.ಐ.ಎ., ಜರ್ಮನಿಯ ಕೆ.ಬಿ.ಎ. ಗುರುತುಗಳು ಆಯಾ ದೇಶದ ಪರೀಕ್ಷೆ ಅಥವಾ ಅನುಮೋದನೆಯನ್ನು ಸೂಚಿಸುತ್ತವೆ. ಒಂದು ಚಕ್ರ ಹೊರಬಲ್ಲ ಭಾರವು ಕಾರಿನ ಹೆಚ್ಚು ಭಾರದ ಅಚ್ಚಿಗೆ ಅನುಮತಿಸಿರುವ ಗರಿಷ್ಠ ಭಾರದ ಅರ್ಧಕ್ಕಿಂತ ಕಡಿಮೆ ಇರಕೂಡದು.

ಜೋಡಿಸಿದ ಮೇಲಿನ ಪರೀಕ್ಷೆ ಕಾರು ಜ್ಯಾಕಿನ ಮೇಲಿರುವಾಗ ಮುಗಿಯುವುದಿಲ್ಲ. ನಾಲ್ಕು ಜನರನ್ನು ಕೂರಿಸಿ, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಉಬ್ಬುತಗ್ಗಿನ ಮೇಲೆ ನಿಧಾನವಾಗಿ ಓಡಿಸಿ, ಟೈರಿನ ಪಕ್ಕಗಳಲ್ಲೂ ಮಡ್‌ಗಾರ್ಡಿನ ಒಳಭಾಗದಲ್ಲೂ ಉಜ್ಜಿದ ಗುರುತುಗಳನ್ನು ಹುಡುಕಬೇಕು. ಬ್ರೇಕಿನ ರಬ್ಬರ್ ಕೊಳವೆ ಟೈರಿಗೆ ತಾಗುತ್ತಿಲ್ಲವೆಂದು ವಿಶೇಷವಾಗಿ ಖಚಿತಪಡಿಸಿಕೊಳ್ಳಬೇಕು.

ಭಾರತದಲ್ಲಿ

ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್‌ನ ಭಾರತೀಯ ರೂಪ. ಟ್ರಯಂಫ್ ಹೆರಾಲ್ಡ್‌ನ ಅಳತೆ 4×95.25, ಅಂದರೆ ಮೂರು ಮುಕ್ಕಾಲು ಅಂಗುಲ. ಇಂದಿನ ಕಾರುಗಳಲ್ಲಿ ಈ ಅಳತೆ ವಿರಳವಾದ್ದರಿಂದ ಸಾಮಾನ್ಯ ಅಂಗಡಿಯ ಅಲಾಯ್ ಚಕ್ರಗಳು ಅದಕ್ಕೆ ಹೊಂದುವುದಿಲ್ಲ. ಮಾರುತಿ 800ರ 12 ಅಂಗುಲದ ಚಕ್ರಗಳು ನಮ್ಮಲ್ಲಿ ಧಾರಾಳವಾಗಿ ಸಿಗುತ್ತವಾದರೂ ಅವುಗಳ ವೃತ್ತ 114.3 ಮಿಲಿಮೀಟರಿನದು, ರಿಮ್ಮಿನ ವ್ಯಾಸ ಒಂದೇ ಎಂಬ ಕಾರಣಕ್ಕೆ ಅವು ಮಿನಿಗೆ ಆಗುವುದಿಲ್ಲ.

ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣವು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2021ರಲ್ಲಿ ಬಂದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿಸಿಕೊಂಡಿರುವ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ವಿಂಟೇಜ್ ವಾಹನಗಳೆಂದು ಪ್ರತ್ಯೇಕವಾಗಿ ನೋಂದಾಯಿಸಬಹುದು; ಅವುಗಳ ಚಾಸಿ, ದೇಹದ ಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಈ ನೋಂದಣಿಯನ್ನು ಬಯಸುವವರು ಬದಲಿ ಚಕ್ರಕ್ಕಾಗಿ ಮಡ್‌ಗಾರ್ಡನ್ನು ಕತ್ತರಿಸುವ ಮೊದಲು ಈ ನಿಯಮವನ್ನು ಓದಿಕೊಳ್ಳಬೇಕು, ಕಳಚಿದ ಮೂಲ ಚಕ್ರಗಳನ್ನು ನಟ್ಟುಗಳ ಸಮೇತ ಜೋಪಾನವಾಗಿ ಇಟ್ಟುಕೊಳ್ಳಬೇಕು.